ಎರಡಾಣೆ ಪಿಗ್ಮಿ ಮತ್ತು ಅಮ್ಮನ ಬೀಡಿ ಪುಸ್ತಕ

ಕಳೆದ ವರ್ಷ ಜೂನ್‌ನಿಂದ ನಮ್ಮ ಮನೆಗೆ ಬರುತ್ತಿದ್ದ ಎರಡು ಸಂಬಳ ಒಂದಾಯಿತು. ಮಗಳು ಹುಟ್ಟಿದ್ದಳು, ಹೆಂಡತಿ ಕೆಲಸ ಬಿಟ್ಟಳು, ಮನೆ ಸಾಲದ ಕಂತು ಮಾತ್ರ ನಮ್ಮನ್ನು ಬಿಡಲಿಲ್ಲ. ಆಗಸ್ಟ್ ಕೊನೆಗೆ ಒಂದು ರಾತ್ರಿ ಅವಳು ಕೇಳಿದಳು: "ಈ ತಿಂಗಳು ದುಡ್ಡು ಎಲ್ಲಿಗೆ ಹೋಯ್ತು, ಹೇಳಿ ನೋಡುವ?"

ಉತ್ತರ ನನ್ನ ಕಿಸೆಯಲ್ಲೇ ಇದೆ ಅಂದುಕೊಂಡೆ. ಬ್ಯಾಂಕಿನ ಮೆಸೇಜುಗಳು, ಮೂರು ಪೇಮೆಂಟ್ ಆ್ಯಪ್, ಒಂದು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್. ಕುಡಿದ ಒಂದೊಂದು ಚಹಾವೂ ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗಿದೆ. ಎಣಿಸಿದರೆ ಆ ಒಂದು ತಿಂಗಳಲ್ಲೇ 187 ಎಂಟ್ರಿ. ಅರ್ಧ ಗಂಟೆ ಮೇಲೆ ಕೆಳಗೆ ಸ್ಕ್ರಾಲ್ ಮಾಡಿ ಫೋನ್ ಕೆಳಗಿಟ್ಟೆ. ಗೊತ್ತಾಗಲಿಲ್ಲ ಮಾರಾಯ್ರೆ.

ಸಾಫ್ಟ್‌ವೇರಿನವರಿಗೆ ಇಂಥ ಸಂದರ್ಭದಲ್ಲಿ ಬರುವ ಕಾಯಿಲೆ ನನಗೂ ಬಂತು. ಶನಿವಾರ ಭಾನುವಾರ ಕೂತು, ಮೆಸೇಜುಗಳನ್ನು ಓದಿ ವಿಂಗಡಿಸುವ ಪ್ರೋಗ್ರಾಂ ಒಂದನ್ನು ಬರೆದೆ. ಅದು ಯಾರಿಗೆ ಎಷ್ಟು ಹೋಯಿತು ಎಂದು ಚೆನ್ನಾಗಿಯೇ ಹೇಳಿತು. ತೊಂದರೆ ಎಂತ ಅಂದರೆ, ತರಕಾರಿ ಅಂಗಡಿಯ ಕ್ಯೂಆರ್ ಕೋಡಿನಲ್ಲಿ ಇರುವುದು ಅಂಗಡಿಯವರ ಮಗನ ಹೆಸರು. ರಿಕ್ಷಾದವರದ್ದು ಅವರ ಹೆಂಡತಿಯ ಹೆಸರು. ಮೆಡಿಕಲ್ ಶಾಪಿಗೆ ಹೋದ 640 ರೂಪಾಯಿಯಲ್ಲಿ ಮಗುವಿನ ಔಷಧಿ ಎಷ್ಟು, ಡೈಪರ್ ಎಷ್ಟು, ನಾನು ಸುಮ್ಮನೆ ಎತ್ತಿಕೊಂಡ ಚಾಕೊಲೇಟ್ ಎಷ್ಟು ಎಂಬುದು ಯಾವ ಸರ್ವರಿನಲ್ಲೂ ಇಲ್ಲ. ಹಾಗಾಗಿ ಸ್ಪ್ರೆಡ್‌ಶೀಟ್ ಮಾಡಿದೆ, 38 ವಿಭಾಗ ಹಾಕಿ. ಗೋಳಿಬಜೆ 'ತಿಂಡಿ'ಗೆ ಸೇರಬೇಕೋ 'ಹೊರಗಿನ ಊಟ'ಕ್ಕೋ ಎಂಬ ಚರ್ಚೆಯಲ್ಲಿ ಒಂದು ಸಂಜೆ ಹಾಳಾಯಿತು. ಮೂರನೇ ವಾರಕ್ಕೆ ಶೀಟು ತೆರೆಯುವುದು ನಿಂತಿತು.

ಆ ಸಲ ಚೌತಿಗೆ ಊರಿಗೆ ಹೋದಾಗ ಅಮ್ಮನ ಹಳೆಯ ಪುಸ್ತಕಗಳು ಸಿಕ್ಕಿದವು. ನಮ್ಮದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿ ನನ್ನ ಮಾರ್ಕ್ಸ್ ಕಾರ್ಡುಗಳ ಜೊತೆಗೆ ನೂರು ಪುಟದ ಏಳೆಂಟು ನೋಟ್‌ಬುಕ್. ನಮ್ಮ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ. ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ದಿನಕ್ಕೆ ಒಂದೇ ಗೆರೆ: ತಾರೀಕು, ನಾಲ್ಕೈದು ಶಬ್ದ, ನಾಲ್ಕೈದು ಸಂಖ್ಯೆ. 'ಬಸ್ 12, ಸಾಬೂನು 9, ಮೀನು 20.' ವಾರಕ್ಕೊಮ್ಮೆ ಕೆಳಗೆ ಒಂದು ಗೆರೆ ಎಳೆದು ಮೊತ್ತ. ಅವಳ 'ಸಾಫ್ಟ್‌ವೇರ್' ಇಷ್ಟೇ. ಅದರಲ್ಲಿ ನಾನು ಕಂಡದ್ದನ್ನು ಆಮೇಲೆ ಹೇಳುತ್ತೇನೆ. ನೋಡಿದ ಮೇಲೆ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಕೂತಿತು. ಇಷ್ಟು ಸಣ್ಣ ಸಾಧನ ಇಷ್ಟೆಲ್ಲ ಹೇಳುತ್ತದೆ ಅಂತಾದರೆ, ನಮ್ಮ ಕಡೆಯವರು ಇದಕ್ಕೂ ಮೊದಲು ಎಂತದರಲ್ಲಿ ಲೆಕ್ಕ ಬರೆಯುತ್ತಿದ್ದರು?

ಅದರಲ್ಲಿ ಬಹಳ ಹಳೆಯದು, ನಾವು ಇವತ್ತಿಗೂ ದಿನಾ ಬಳಸುವ ಒಂದು ಶಬ್ದದ ಒಳಗೆ ಅಡಗಿದೆ. ಸರಕಾರಿ ಕಚೇರಿಯ ಫೈಲಿಗೆ ಕನ್ನಡದಲ್ಲಿ 'ಕಡತ' ಅನ್ನುತ್ತೇವಲ್ಲ, ಅದು. ಮೂಲದಲ್ಲಿ ಕಡತ ಅಂದರೆ ಬಟ್ಟೆ. ಉದ್ದದ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿದರೆ ಸ್ಲೇಟಿನ ಹಾಗೆ ಕಪ್ಪಗಾಗುತ್ತದೆ. ಅದನ್ನು ಬೀಸಣಿಗೆಯಂತೆ ಮಡಚಿ ಮಡಚಿ ಇಟ್ಟು, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬಂದ ತನ್ನ ಇತಿಹಾಸ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ: ಎಂಟು ಇಂಚಿನಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ವ್ಯಾಪಾರಿಗಳ ಲೆಕ್ಕ ಇದರಲ್ಲೇ. ಮಠಗಳ ಲೆಕ್ಕವೂ ಇದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಓದುತ್ತಾರೆ. ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಯಾರಿಗೆ ಎಷ್ಟು ಕೊಟ್ಟದ್ದು ಎಂಬ ಅಡುಗೆಮನೆ ಲೆಕ್ಕ ಇಟ್ಟವರಿಗೆ, ಮುಂದೆ ಯಾರೋ ಇದನ್ನು ಇತಿಹಾಸ ಅಂತ ಓದುತ್ತಾರೆ ಎಂಬ ಕಲ್ಪನೆ ಇರಲಿಕ್ಕಿಲ್ಲ.

ನನಗೆ ಇಷ್ಟವಾದದ್ದು ಕಡತ ಅಳಿಸಬಹುದಾದ ಸಾಧನ ಎಂಬುದು. ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಬರೆಯಬಹುದು. ಆದರೂ ಒರೆಸದೆ ಇಟ್ಟದ್ದು ನೂರಾರು ವರ್ಷ ಉಳಿದಿದೆ. ಇನ್ನೊಂದು ಕಡೆ, ನಾನು 2012ರಲ್ಲಿ ಯಾವುದೋ ಆ್ಯಪಿನಲ್ಲಿ ಇಟ್ಟ ನನ್ನ ಮೊದಲ ಸಂಬಳದ ಲೆಕ್ಕ ಈಗ ಯಾವ ಗ್ರಹದಲ್ಲಿದೆಯೋ.

ಕಾಗದದ ಪುಸ್ತಕ ಮನೆಮನೆಗೆ ಬಂದ ಮೇಲೂ ಲೆಕ್ಕ ಸುಲಭವಾಗಿರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಮೂರು ಕಾಲಂ ಹಾಕಿ, ಒಂದರಲ್ಲಿ ಹನ್ನೆರಡಕ್ಕೆ ಕೈ ತೆಗೆದು, ಇನ್ನೊಂದರಲ್ಲಿ ಹದಿನಾರಕ್ಕೆ ಕೈ ತೆಗೆದು ಕೂಡಿಸಬೇಕು. ಕಂಪ್ಯೂಟರಿಗೆ ಬೈನರಿ ಕಲಿಸುವವರೇ ಸುಸ್ತಾಗುವ ಲೆಕ್ಕ. ನಮ್ಮ ಅಜ್ಜಂದಿರು ಅದನ್ನು ಚಾವಡಿಯಲ್ಲಿ ಕೂತು ಬಾಯಲ್ಲೇ ಮಾಡುತ್ತಿದ್ದರು.

ಈ ಕಾಲದ ಒಂದು ಸಂಖ್ಯೆ ನನಗೆ ಬಾಯಿಪಾಠ ಆಗಿಬಿಟ್ಟಿದೆ. 1906ರ ಮಾರ್ಚ್ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಒಂದು ಬ್ಯಾಂಕು ಶುರುವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅದರ ಕೈಯಲ್ಲಿ ಸೇರಿದ್ದು 38 ರೂಪಾಯಿ, 13 ಆಣೆ, 2 ಪೈ. ಆ ಕೊನೆಯ ಎರಡು ಪೈ ನೋಡಿ! ರೂಪಾಯಿಯ 96ನೇ ಒಂದು ಭಾಗ. ಅದನ್ನೂ ಬರೆದಿಟ್ಟರು, ಹಾಗಾಗಿ ನೂರಾ ಚಿಲ್ಲರೆ ವರ್ಷದ ನಂತರ ನನಗೂ ಗೊತ್ತಾಯಿತು. ಅದೇ ವರ್ಷ ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅದು ಕೆನರಾ ಬ್ಯಾಂಕ್ ಆಯಿತು. 1924ಕ್ಕೆ ಕರ್ಣಾಟಕ ಬ್ಯಾಂಕ್, 1931ಕ್ಕೆ ವಿಜಯಾ ಬ್ಯಾಂಕ್. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬ್ಯಾಂಕು ಯಾಕೆ ಹುಟ್ಟಿದವು ಎಂಬುದರ ಬಗ್ಗೆ ಎಷ್ಟೋ ಮಂದಿ ಬರೆದಿದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ. ಮನೆಯ ಲೆಕ್ಕಕ್ಕೆ ಸಂಬಂಧಪಟ್ಟದ್ದು ಐದನೆಯದು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟ್ರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ. ಅವರಿಗೆ ಹಣದ ದಾರಿ ಮಾಡಿಕೊಡಲು 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್. ಮೂರು ವರ್ಷ ಕಳೆದು 1928ರಲ್ಲಿ ಅವರು ತಂದದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ನೀವು ಬ್ಯಾಂಕಿಗೆ ಬರುವುದು ಬೇಡ, ಬ್ಯಾಂಕಿನ ಏಜೆಂಟರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಎರಡಾಣೆ ಅಂದರೆ ಎಂಟು ದಿನಕ್ಕೆ ಒಂದು ರೂಪಾಯಿ, ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಇದನ್ನು ಎಲ್ಲರೂ ಉಳಿತಾಯದ ಯೋಜನೆ ಅಂತ ಹೊಗಳುತ್ತಾರೆ. ಸರಿಯೇ. ಆದರೆ ನನಗೆ ಅದು ಕಾಣುವುದು ಲೆಕ್ಕದ ಸಾಧನವಾಗಿ. ಯೋಚಿಸಿ: ಆಗಿನ ನೇಕಾರನಿಗೋ ಮೀನು ಮಾರುವ ಹೆಂಗಸಿಗೋ ತಿಂಗಳ ಸಂಬಳ ಎಂಬುದಿಲ್ಲ. ದುಡ್ಡು ದಿನಾ ಬರುತ್ತದೆ, ದಿನಾ ಹೋಗುತ್ತದೆ. ತಿಂಗಳ ಬಜೆಟ್ ಹಾಕು ಅಂತ ಹೇಳಿದರೆ ಅವರಿಗೆ ಅರ್ಥವೇ ಇಲ್ಲ. ಬ್ಯಾಂಕು ತೆರೆದಿರುವ ಹೊತ್ತಿನಲ್ಲಿ ಅವರಿಗೆ ಕೆಲಸ. ಹಾಗಾಗಿ ಬಜೆಟ್ಟನ್ನು ಒಂದು ದಿನದ ಅಳತೆಗೆ ಕತ್ತರಿಸಿ, ಅದಕ್ಕೆ ಒಬ್ಬ ಮನುಷ್ಯನನ್ನು ಜೋಡಿಸಿದರು. ಅವನು ಬರುವ ಹೊತ್ತಿಗೆ, 'ಇವತ್ತು ಎಷ್ಟು ಬಂತು, ಎಷ್ಟು ಉಳಿಯಿತು?' ಎಂದು ಯೋಚಿಸಲೇಬೇಕು. ದಿನಕ್ಕೆ ಒಂದೇ ಪ್ರಶ್ನೆ. ಉತ್ತರ ಕಾರ್ಡಿನಲ್ಲಿ ದಾಖಲಾಗುತ್ತದೆ. ಕಾರ್ಡಿನಲ್ಲಿ ಖಾಲಿ ಬಿದ್ದ ದಿನ ಯಾವುದು ಎಂದು ಅಕ್ಷರ ಬಾರದವರಿಗೂ ಕಾಣುತ್ತದೆ.

ನಮ್ಮ ಕೆಲಸದಲ್ಲಿ ಇದಕ್ಕೆ ಇಂಟರಪ್ಟ್ ಅನ್ನುತ್ತೇವೆ. ಓಡುತ್ತಿರುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ 'ಇದನ್ನು ನೋಡು' ಅನ್ನುವ ಸಂಕೇತ. ಫೋನು ದಿನಕ್ಕೆ ಇನ್ನೂರು ನೋಟಿಫಿಕೇಶನ್ ಕೊಡುತ್ತದೆ, ಒಂದನ್ನೂ ನಾವು ನೋಡುವುದಿಲ್ಲ. ಸೈಕಲ್ಲಿನಲ್ಲಿ ಬಂದು ಅಂಗಡಿ ಬಾಗಿಲಲ್ಲಿ ನಿಲ್ಲುವ ಪಿಗ್ಮಿಯವರನ್ನು ಸ್ವೈಪ್ ಮಾಡಿ ಪಕ್ಕಕ್ಕೆ ತಳ್ಳಲಿಕ್ಕಾಗುವುದಿಲ್ಲ. "ನಾಳೆ ಬನ್ನಿ" ಅಂತ ಎರಡು ದಿನ ಹೇಳಬಹುದು, ಮೂರನೇ ದಿನ ನಾಚಿಕೆ.

ಪಿಗ್ಮಿಯಲ್ಲಿ ದೋಷ ಇರಲಿಲ್ಲ ಅಂತಲ್ಲ. ಮನೆಬಾಗಿಲಿಗೆ ಬರುವ ಏಜೆಂಟರ ಕಮಿಷನ್ ಎಲ್ಲಿಂದಲೋ ಬರಲೇಬೇಕು. ಬಡ್ಡಿ ಆಕರ್ಷಕವಾಗಿ ಇರುವುದಿಲ್ಲ. ಆ ಏಜೆಂಟರ ಬದುಕೂ ಸುಖದ್ದಲ್ಲ. ಬಿಸಿಲಲ್ಲಿ ಮಳೆಯಲ್ಲಿ ಬೀದಿ ಸುತ್ತುವ ಅವರು ಬ್ಯಾಂಕಿನ ಕೆಲಸಗಾರರೋ ಅಲ್ಲವೋ ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಹೌದು, ಅವರೂ ಕಾರ್ಮಿಕರೇ ಎಂದು ತೀರ್ಪು ಬಂದದ್ದು 2001ರಲ್ಲಿ. ಪಿಗ್ಮಿ ಶುರುವಾಗಿ 73 ವರ್ಷದ ನಂತರ. ಊರವರ ಎರಡಾಣೆಯ ಲೆಕ್ಕ ಇಟ್ಟವರ ಸ್ವಂತ ಲೆಕ್ಕ ಅಷ್ಟು ತಡವಾಗಿ ಚುಕ್ತಾ ಆಯಿತು.

ಎರಡಾಣೆಗೆ 1957ರ ಏಪ್ರಿಲ್ 1ರಂದು ಆಪತ್ತು ಬಂತು. ಆವತ್ತಿನಿಂದ ರೂಪಾಯಿಗೆ ನೂರು ನಯಾಪೈಸೆ. ಎಂಟಾಣೆಗೆ ಐವತ್ತು, ನಾಲ್ಕಾಣೆಗೆ ಇಪ್ಪತ್ತೈದು, ಅಲ್ಲಿಗೆ ಸರಿ. ಎರಡಾಣೆಗೆ ಹನ್ನೆರಡೂವರೆ! ಅರ್ಧ ಪೈಸೆ ಎಲ್ಲಿಂದ ತರುವುದು? ಬಹುಶಃ ಅದಕ್ಕೇ ಇರಬೇಕು, ನಾಲ್ಕಾಣೆ ಎಂಟಾಣೆ ಅನ್ನುವ ಮಾತು ನನ್ನ ಬಾಲ್ಯದಲ್ಲೂ ಅಂಗಡಿಯಲ್ಲಿ ಕೇಳುತ್ತಿತ್ತು, ಎರಡಾಣೆ ಕೇಳುತ್ತಿರಲಿಲ್ಲ. ಆ ನಾಲ್ಕಾಣೆಯ ನಾಣ್ಯವೂ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಪಿಗ್ಮಿ ಎಂಬ ಶಬ್ದ ಮಾತ್ರ ಯಾವ ವಿಲೀನಕ್ಕೂ ಸಿಗದೆ ಉಳಿದಿದೆ. ಹಂಪನಕಟ್ಟೆಯ ಅಂಗಡಿಗಳಿಗೆ ಸಂಜೆ ಹೊತ್ತಿಗೆ ಬರುವವರು ಈಗ ಸಹಕಾರಿ ಸಂಘಗಳವರು, ಕೈಯಲ್ಲಿ ಚೀಟಿ ಮುದ್ರಿಸುವ ಪುಟ್ಟ ಯಂತ್ರ.

ಇನ್ನು ಅಮ್ಮನ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಹಾಗೆ ನಮ್ಮ ಮನೆಯದ್ದೂ ಬೀಡಿಯ ಲೆಕ್ಕ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತರುವುದು. ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುವುದು. ಕಟ್ಟಿದ್ದನ್ನು ಒಯ್ದು ಕೊಡುವುದು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಒಪ್ಪಿದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದನ್ನು ಪ್ರಶ್ನಿಸಿ ಹೋದವರಲ್ಲಿ ಮಂಗಳೂರಿನ ಬೀಡಿ ಉದ್ಯಮವೂ ಇತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಟ್ಟುವವರ ಕೈಗೆ ಒಂದು ಪುಸ್ತಕ: ಎಲೆ ಎಷ್ಟು ಕೊಟ್ಟದ್ದು, ಬೀಡಿ ಎಷ್ಟು ಬಂದದ್ದು, ಎಷ್ಟು ತಿರಸ್ಕಾರ ಆದದ್ದು, ಮಜೂರಿ ಎಷ್ಟು.

ಎಲೆ ಯಾವಾಗಲೂ ಕಮ್ಮಿಯೇ. ಕೊಟ್ಟ ಎಲೆಯಲ್ಲಿ ಹೇಳಿದಷ್ಟು ಬೀಡಿ ಆಗುವುದಿಲ್ಲ, ತೂತು, ಹರಿದದ್ದು. ಕಮ್ಮಿ ಬಿದ್ದದ್ದಕ್ಕೆ ಕೈಯಿಂದ ದುಡ್ಡು ಕೊಟ್ಟು ಎಲೆ ತಗೊಳ್ಳಬೇಕು. ಆ ಖರ್ಚು ಬ್ರಾಂಚಿನ ಪುಸ್ತಕದಲ್ಲಿ ಬರುವುದಿಲ್ಲ. ಅಮ್ಮ ತನ್ನದೇ ನೋಟ್‌ಬುಕ್ ಶುರು ಮಾಡಿದ್ದು ಅದಕ್ಕಂತೆ. ಬೇರೆಯವರು ಬರೆದ ಲೆಕ್ಕದಲ್ಲಿ ತನಗೆ ಬೇಕಾದ ಸಾಲು ಇಲ್ಲ ಎಂದು. ಎಲೆಯ ಲೆಕ್ಕದ ಪಕ್ಕ ಅಕ್ಕಿ ಬಂತು, ಬಸ್ಸು ಬಂತು, ಹಾಗೇ ಅದು ಮನೆಯ ಲೆಕ್ಕವಾಯಿತು.

ನಾನು ಬಿಚ್ಚಿ ಕೂತದ್ದು 2007ರ ಪುಸ್ತಕ, ನಾನು ಬಿಇ ಸೇರಿದ ವರ್ಷದ್ದು. ಜೂನ್ ತನಕ 'ಮೀನು' ಎಂಬ ಶಬ್ದ ವಾರಕ್ಕೆ ನಾಲ್ಕು ಸಲ ಉಂಟು. ಜುಲೈ, ಆಗಸ್ಟಿನಲ್ಲಿ ಇಲ್ಲ. ಮಳೆಗಾಲವಲ್ವಾ, ಟ್ರಾಲ್ ಬೋಟು ನಿಂತಿರುತ್ತದೆ, ಒಣಮೀನಿನ ಕಾಲ ಎಂದುಕೊಂಡು ಪುಟ ತಿರುಗಿಸಿದೆ. ಸೆಪ್ಟೆಂಬರ್ ಇಲ್ಲ. ಅಕ್ಟೋಬರಿನಲ್ಲಿ ಎರಡು ಸಲ. ನವೆಂಬರಿನಲ್ಲಿ ಒಂದು. ಬಂಗುಡೆ ರಾಶಿ ಬಿದ್ದು ಅಗ್ಗವಾಗುವ ತಿಂಗಳುಗಳು ಅವು. ಅದೇ ಪುಟಗಳಲ್ಲಿ ಪ್ರತಿ ತಿಂಗಳ ಐದನೇ ತಾರೀಕಿಗೆ 'ಹಾಸ್ಟೆಲ್' ಎಂಬ ಶಬ್ದ, ಪಕ್ಕದಲ್ಲಿ ಒಂದು ಸಂಖ್ಯೆ. ಆ ಹಾಸ್ಟೆಲಿನಲ್ಲಿ ನನಗೆ ಬುಧವಾರ, ಭಾನುವಾರ ಕೋಳಿ ಇತ್ತು.

ಅಮ್ಮನನ್ನು ಕೇಳಿದೆ. "ಆ ವರ್ಷ ಮೀನಿಗೆ ಭಾರೀ ರೇಟು ಮಗ" ಅಂದಳು. ಅಕ್ಟೋಬರಿನ ಗೆರೆಯಲ್ಲಿ ಅವಳದೇ ಅಕ್ಷರದಲ್ಲಿ 'ಬಂಗುಡೆ 20' ಅಂತ ಇದೆ. ಮೇ ತಿಂಗಳಲ್ಲೂ ಇಪ್ಪತ್ತೇ. ನಾನು ಮತ್ತೆ ಕೇಳಲಿಕ್ಕೆ ಹೋಗಲಿಲ್ಲ.

ನನ್ನ 187 ಎಂಟ್ರಿಗಳಲ್ಲಿ ಇಂಥ ಒಂದು ಸಂಗತಿ ಇಲ್ಲ. ಯಾಕೆಂದರೆ ಅವನ್ನು ನಾನು ಬರೆದೇ ಇಲ್ಲ, ಅವು ತಮ್ಮಷ್ಟಕ್ಕೆ ಬರೆದುಕೊಂಡವು. 'ಮೀನು' ಅಂತ ಕೈಯಲ್ಲಿ ಬರೆಯುವಾಗ ಅಮ್ಮನಿಗೆ ಅದು ಗೊತ್ತಿತ್ತು. ಬರೆಯದೆ ಇರುವಾಗಲೂ ಗೊತ್ತಿತ್ತು. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲಿ ಗೃಹಿಣಿಯರಿಗಾಗಿ ಕಾಕೆಬೋ ಎಂಬ ಮನೆ ಲೆಕ್ಕದ ಪುಸ್ತಕ ಮಾಡಿದರು. ಉಡುಪಿಯಲ್ಲಿ ಎರಡು ಪೈ ಎಣಿಸುವುದಕ್ಕೆ ಎರಡು ವರ್ಷ ಮೊದಲು. ಅಲ್ಲಿಯೂ ಮುಖ್ಯ ಸಂಗತಿ ಕೈಯಲ್ಲಿ ಬರೆಯುವುದೇ. ನಮ್ಮ ಸಾಫ್ಟ್‌ವೇರ್ ಕುಲದವರು 1979ರಲ್ಲಿ ವಿಸಿಕ್ಯಾಲ್ಕ್ ಮಾಡಿದಾಗ ಕೂಡಿಸುವ ಕಷ್ಟ ಹೋಯಿತು, ಅದು ನಿಜವಾದ ಉಪಕಾರ. ಆಮೇಲೆ ಬಂದ ಆ್ಯಪುಗಳು ಬರೆಯುವ ಕಷ್ಟವನ್ನೂ ತೆಗೆಯಲು ಹೊರಟವು. ಬ್ಯಾಂಕಿಗೆ ಜೋಡಿಸಿದರೆ ತಾನೇ ಎಲ್ಲ ವಿಂಗಡಿಸುತ್ತಿದ್ದ ಅಮೆರಿಕದ ಮಿಂಟ್ ಎಂಬುದನ್ನು ಲಕ್ಷಾಂತರ ಜನ ನಂಬಿದ್ದರು. 2024ರ ಮಾರ್ಚಿನಲ್ಲಿ ಅದನ್ನು ಮುಚ್ಚಿದರು. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದ ಮೇಲೆ ಕೊಡುವ ಕಷ್ಟವೂ ಹೋಯಿತು. ಕಿಸೆಯಿಂದ ನೂರರ ನೋಟು ತೆಗೆಯುವಾಗ ಆಗುತ್ತಿದ್ದ ಸಣ್ಣ ನೋವು ಒಂದಿತ್ತಲ್ಲ, ಅದೂ ಒಂದು ಲೆಕ್ಕದ ಸಾಧನವೇ ಆಗಿತ್ತು ಅಂತ ಈಗ ಅನಿಸುತ್ತದೆ. ಯುಪಿಐ ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಚಿಲ್ಲರೆಗಾಗಿ ಸಿಟಿ ಬಸ್ಸಿನ ಕಂಡಕ್ಟರರ ಹತ್ತಿರ ಬೈಸಿಕೊಂಡ ಕಾಲ ಮರಳಿ ಬರುವುದು ಬೇಡ.

ನಾವೀಗ ಮಾಡುತ್ತಿರುವುದು ಹೀಗೆ. ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್, ಒಂದು ಪೆನ್ನು ನೇತುಹಾಕಿದ್ದೇವೆ. ದಿನಕ್ಕೆ ಒಂದು ಗೆರೆ, ನಾಲ್ಕು ಕಾಲಂ: ಮನೆ, ಮಗು, ಹೊರಗೆ, ಇತರೆ. ಮಗಳು ಮಲಗಿದ ಮೇಲೆ ಒಬ್ಬರು ಫೋನ್ ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ನಾಲ್ಕು ನಿಮಿಷ. ಫೋನಿನ ಪಟ್ಟಿ ಅಲ್ಲಿ ಸಾಕ್ಷಿ ಮಾತ್ರ, ಲೆಕ್ಕ ಪುಸ್ತಕದಲ್ಲಿ. ವಾರದ ಕೊನೆಗೆ ಕ್ಯಾಲ್ಕುಲೇಟರಿನಲ್ಲಿ ಕೂಡಿಸುತ್ತೇವೆ. ಮಧ್ಯೆ ಹನ್ನೊಂದು ದಿನ ಬಿಟ್ಟುಹೋಗಿದೆ, ಮಗುವಿಗೆ ಜ್ವರ ಬಂದಾಗ. ಆ ಪುಟ ಖಾಲಿಯೇ ಇದೆ, ತುಂಬಿಸಲಿಲ್ಲ. ಹೆಂಡತಿ ಕೇಳಿದ ಪ್ರಶ್ನೆಗೆ ಎರಡನೇ ತಿಂಗಳಲ್ಲೇ ಉತ್ತರ ಸಿಕ್ಕಿತು. ದುಡ್ಡು ದೊಡ್ಡದಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಸಂಜೆ ಆರರಿಂದ ಎಂಟರ ಒಳಗೆ, ಹೆಚ್ಚಾಗಿ ನನ್ನ ಫೋನಿನಿಂದ, ನೂರು ಇನ್ನೂರರ ಹಾಗೆ ಹೋಗುತ್ತಿತ್ತು. ಅವಳು ಏನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಬರೆದವನು ನಾನೇ.

ಡಿಸೆಂಬರಿನಲ್ಲಿ ಅಮ್ಮ ಮೊಮ್ಮಗಳನ್ನು ನೋಡಲಿಕ್ಕೆ ಬಂದವಳು ಅಡುಗೆಮನೆಯಲ್ಲಿ ಆ ಪುಸ್ತಕ ತೆಗೆದು, ಕನ್ನಡಕ ಹಾಕಿ, ಸುಮಾರು ಹೊತ್ತು ಓದಿದಳು. ಆಮೇಲೆ ಬೆರಳನ್ನು ಒಂದು ಕಡೆ ಇಟ್ಟು ಕೇಳಿದಳು: "ಇದು 'ಇತರೆ' 2,340 ಅಂದ್ರೆ ಎಂತ ಮಗ? ಎಂತ ತಗೊಂಡದ್ದು?"

ಪುಟವನ್ನು ನೋಡಿದೆ. ಫೋನ್ ತೆಗೆದು ನೋಡಿದೆ. ನೆನಪಾಗಲಿಲ್ಲ. ಜನವರಿಯ ಪುಟಗಳಿಗೆ ಗೆರೆ ಹಾಕುವಾಗ ಮೂರೇ ಕಾಲಂ ಹಾಕಿದ್ದೇವೆ.